ಸೋತ ಕುದುರೆಯ ಸಾಕ್ಷ್ಯ: ರೇಸಿನ ಅಪರಾಧ ಕಾದಂಬರಿಗಳನ್ನು ಕುರಿತು

ಪತ್ತೇದಾರಿ ಕಥೆಗೆ ಮೊದಲು ಒಂದು ಹೆಣ ಬೇಕು ಎಂಬುದು ಹಳೆಯ ನಿಯಮ. ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿದೆ, ಮನೆಯ ಯಜಮಾನ ನೆಲದ ಮೇಲೆ ಬಿದ್ದಿದ್ದಾನೆ, ಬೆನ್ನಲ್ಲಿ ಚೂರಿ ಇದೆ. ಅಪರಾಧ ನಡೆದಿದೆ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಮಾಡಿದವರು ಯಾರು ಎಂಬುದಷ್ಟೇ ಗೊತ್ತಾಗಬೇಕು. ಕುದುರೆ ರೇಸಿನ ಮೈದಾನದಲ್ಲಿ ಈ ನಿಯಮ ನಡೆಯುವುದಿಲ್ಲ. ಅಲ್ಲಿ ಹತ್ತು ಕುದುರೆ ಓಡಿದರೆ ಒಂದು ಗೆಲ್ಲುತ್ತದೆ, ಒಂಬತ್ತು ಸೋಲುತ್ತವೆ. ಸೋಲು ಅಲ್ಲಿ ದಿನನಿತ್ಯದ ಮಾತು, ಅದಕ್ಕೆ ಯಾರೂ ಪಂಚನಾಮೆ ಬರೆಯುವುದಿಲ್ಲ. ಆ ಒಂಬತ್ತರಲ್ಲಿ ಒಂದು ಬೇಕೆಂದೇ ಸೋತಿದ್ದರೆ? ಜಾಕಿ ಲಗಾಮನ್ನು ಒಂದಂಗುಲ ಬಿಗಿಹಿಡಿದಿದ್ದರೆ, ಲಾಯದಲ್ಲಿ ಯಾರೋ ಬೆಳಿಗ್ಗೆ ಒಂದು ಬಕೆಟ್ ನೀರು ಹೆಚ್ಚಿಗೆ ಕುಡಿಸಿದ್ದರೆ, ಹೊರಗಿನಿಂದ ನೋಡುವವನಿಗೆ ಕಾಣುವುದು ಮೂರನೆಯದಾಗಿ ಬಂದ ಒಂದು ಕುದುರೆ ಮಾತ್ರ. ಆದ್ದರಿಂದ ರೇಸಿನ ಹಿನ್ನೆಲೆಯ ಅಪರಾಧ ಕಾದಂಬರಿ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಇಲ್ಲಿ ಅಪರಾಧ ನಡೆದಿದೆಯೇ, ಇಲ್ಲವೇ? ಈ ಒಂದು ಪ್ರಶ್ನೆಯೇ ಈ ಬಗೆಯ ಕಾದಂಬರಿಗಳ ಹಂದರವನ್ನೂ ನಿರೂಪಣೆಯನ್ನೂ ಅವುಗಳ ನೀತಿಯನ್ನೂ ರೂಪಿಸಿದೆ ಎಂಬುದು ಇಂದಿನ ನನ್ನ ವಾದ. ಅದನ್ನು ಬ್ರಿಟನ್ನಿನ ಡಿಕ್ ಫ್ರಾನ್ಸಿಸ್‌ನ ಕೃತಿಗಳನ್ನು ಮುಂದಿಟ್ಟುಕೊಂಡು ಪರೀಕ್ಷಿಸುತ್ತೇನೆ.

ಮೊದಲು ಹಣದ ಲೆಕ್ಕ. ಕುದುರೆಯನ್ನು ಗೆಲ್ಲಿಸುವುದು ಯಾರ ಕೈಯಲ್ಲೂ ಪೂರ್ತಿ ಇರುವುದಿಲ್ಲ. ಉಳಿದ ಒಂಬತ್ತು ಕುದುರೆಗಳು ಅದಕ್ಕೆ ಒಪ್ಪಬೇಕು. ಸೋಲಿಸುವುದು ಒಬ್ಬನೇ ಮನುಷ್ಯನ ಕೈಯಲ್ಲಿ ಆಗುವ ಕೆಲಸ. ಎಲ್ಲರೂ ಮುಗಿಬಿದ್ದು ಬಾಜಿ ಕಟ್ಟಿದ ಫೇವರಿಟ್ ಕುದುರೆ ಸೋತರೆ ಬುಕ್ಕಿಯ ಗಲ್ಲಾಪೆಟ್ಟಿಗೆ ತುಂಬುತ್ತದೆ. ಹೀಗಾಗಿ ರೇಸಿನ ಕಳ್ಳತನದ ಇತಿಹಾಸದಲ್ಲಿ ಗೆಲುವಿಗಿಂತ ಸೋಲಿನ ಪಾಲೇ ದೊಡ್ಡದು. 1812ರಲ್ಲಿ ಡೇನಿಯಲ್ ಡಾಸನ್ ಎಂಬವನನ್ನು ಕೇಂಬ್ರಿಜ್‌ನಲ್ಲಿ ಗಲ್ಲಿಗೇರಿಸಿದರು. ನ್ಯೂಮಾರ್ಕೆಟ್‌ನಲ್ಲಿ ಕುದುರೆಗಳು ನೀರು ಕುಡಿಯುವ ತೊಟ್ಟಿಗೆ ಆತ ಪಾಷಾಣ ಬೆರೆಸಿದ್ದ. ಕುದುರೆಗಳು ಓಡದಂತೆ ಆದರೆ ಸಾಕಿತ್ತು, ಅವು ಸತ್ತೇಹೋದವು. ಸತ್ತದ್ದರಿಂದಲೇ ಆತ ಸಿಕ್ಕಿಬಿದ್ದದ್ದು. ಇದಕ್ಕೆ ಎದುರಾಗಿ 1844ರ ಡರ್ಬಿಯನ್ನು ನೋಡಿ. ಮೂರು ವರ್ಷದ ಕುದುರೆಗಳಿಗೆ ಮೀಸಲಾದ ಆ ಓಟದಲ್ಲಿ 'ರನ್ನಿಂಗ್ ರೈನ್' ಎಂಬ ಹೆಸರಿನಲ್ಲಿ ಗೆದ್ದದ್ದು ನಾಲ್ಕು ವರ್ಷದ ಬೇರೊಂದು ಕುದುರೆ. ಗೆದ್ದ ಕುದುರೆಯ ಮೇಲೆ ಎಲ್ಲರ ಕಣ್ಣು ಬಿತ್ತು, ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು, ಹಲ್ಲು ನೋಡಿ ವಯಸ್ಸು ತಿಳಿಯೋಣ ಕುದುರೆಯನ್ನು ಹಾಜರುಪಡಿಸಿ ಎಂದು ನ್ಯಾಯಾಧೀಶರು ಕೇಳಿದಾಗ ಕುದುರೆಯೇ ನಾಪತ್ತೆ. ಮೊಕದ್ದಮೆ ಅಲ್ಲಿಗೆ ಕುಸಿಯಿತು, ಎರಡನೆಯದಾಗಿ ಬಂದ ಕುದುರೆಗೆ ಡರ್ಬಿ ಸಂದಿತು. ಮೋಸದಿಂದ ಗೆದ್ದವನು ತನಿಖೆಯನ್ನು ತಾನೇ ಮನೆಗೆ ಕರೆದಂತೆ. ಮೋಸದಿಂದ ಸೋತವನ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ಸಾಹಿತ್ಯದಲ್ಲಿ ಇದನ್ನು ಮೊದಲು ಚೆನ್ನಾಗಿ ಗ್ರಹಿಸಿದವನು ಆರ್ಥರ್ ಕಾನನ್ ಡಾಯ್ಲ್. 1892ರಲ್ಲಿ ಬಂದ ಆತನ 'ಸಿಲ್ವರ್ ಬ್ಲೇಜ್' ಕಥೆಯನ್ನು ಎಲ್ಲರೂ ರಾತ್ರಿ ಬೊಗಳದ ನಾಯಿಗಾಗಿ ನೆನೆಯುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅಲ್ಲಿನ ಅಪರಾಧದ ಬಗೆ. ಕುದುರೆಯ ತರಬೇತುದಾರನೇ, ಕಣ್ಣಿನ ಶಸ್ತ್ರಚಿಕಿತ್ಸೆಗೆ ಬಳಸುವ ಸಣ್ಣ ಚಾಕುವಿನಿಂದ, ತನ್ನದೇ ಲಾಯದ ಕುದುರೆಯ ಕಾಲಿನ ಸ್ನಾಯುವಿಗೆ ಯಾರಿಗೂ ಕಾಣದ ಗೀರು ಹಾಕಲು ಹೊರಡುತ್ತಾನೆ. ಕೆಲಸ ಕೈಗೂಡಿದ್ದರೆ ಕುದುರೆಗೆ ಕಾಲು ಉಳುಕಿದೆ ಎಂದು ಎಲ್ಲರೂ ಸುಮ್ಮನಾಗುತ್ತಿದ್ದರು. ಮೊದಲು ಕುರಿಗಳ ಮೇಲೆ ಅಭ್ಯಾಸ ಮಾಡಿರುತ್ತಾನೆ ಬೇರೆ. ಡಾಯ್ಲ್‌ಗೆ ರೇಸಿನ ಕಟ್ಟುಕಟ್ಟಳೆ ತಿಳಿದಿರಲಿಲ್ಲ. ನಿಜವಾಗಿ ಹಾಗೆ ನಡೆದಿದ್ದರೆ ಕಥೆಯ ಪಾತ್ರಗಳಲ್ಲಿ ಅರ್ಧ ಮಂದಿ ಜೈಲಿಗೂ ಉಳಿದರ್ಧ ಮಂದಿ ರೇಸಿನಿಂದ ಶಾಶ್ವತ ಬಹಿಷ್ಕಾರಕ್ಕೂ ಗುರಿಯಾಗುತ್ತಿದ್ದರು ಎಂದು ಬಲ್ಲವರು ಅಣಕಿಸಿದ್ದನ್ನು ಆತನೇ ಆತ್ಮಕಥೆಯಲ್ಲಿ ನಗುತ್ತ ಒಪ್ಪಿಕೊಂಡಿದ್ದಾನೆ. ಆದರೂ ಮೂಲ ಸೂತ್ರ ಆತನಿಗೆ ಹೊಳೆದಿತ್ತು. ಹೊಳೆದರೂ ಅದನ್ನು ಪೂರ್ತಿ ನಂಬುವ ಧೈರ್ಯ ಬರಲಿಲ್ಲ: ಕಥೆಗೆ ಹೆಣ ಬೇಕೆಂದು ತರಬೇತುದಾರನನ್ನು ಕುದುರೆಯ ಒದೆತದಿಂದ ಸಾಯಿಸಿ, ಅದನ್ನೇ ಕೊಲೆಯ ಸಮಸ್ಯೆಯಾಗಿ ಮುಂದಿಟ್ಟ. ಅದೇ ಕಾಲದ ನ್ಯಾಟ್ ಗೂಲ್ಡ್ ರೇಸಿನ ಕಾದಂಬರಿಗಳನ್ನು ನೂರರ ಮೇಲೆ ಬರೆದ. ಎಡ್ಗರ್ ವಾಲೆಸ್ ಸ್ವತಃ ಕುದುರೆಗಳ ಮೇಲೆ ಹಣ ಕಳೆದುಕೊಳ್ಳುತ್ತಲೇ ರೇಸಿನ ಕಥೆಗಳನ್ನು ಬರೆದ. ಗ್ರಹಾಂ ಗ್ರೀನ್‌ನ 'ಬ್ರೈಟನ್ ರಾಕ್' (1938) ರೇಸ್ ಮೈದಾನದ ಪುಂಡರ ಗುಂಪುಗಳನ್ನು ಬಳಸಿಕೊಂಡಿತು, ಆದರೆ ಆ ಕಾದಂಬರಿಯ ಕಣ್ಣು ಪಾಪದ ಮೇಲೆ, ಕುದುರೆಯ ಮೇಲಲ್ಲ. ಇವರು ಯಾರೂ ಡಾಯ್ಲ್ ಬಿಟ್ಟ ಎಳೆಯನ್ನು ಹಿಡಿಯಲಿಲ್ಲ.

ಹಿಡಿದವನು ಒಬ್ಬ ಜಾಕಿ. ಡಿಕ್ ಫ್ರಾನ್ಸಿಸ್ 1920ರಲ್ಲಿ ವೇಲ್ಸ್‌ನಲ್ಲಿ ಹುಟ್ಟಿದ. ಯುದ್ಧಕಾಲದಲ್ಲಿ ವಾಯುಪಡೆಯಲ್ಲಿದ್ದು, ಆಮೇಲೆ ಬೇಲಿ ಹಾರುವ ಓಟಗಳ ಸವಾರನಾಗಿ 350ಕ್ಕೂ ಹೆಚ್ಚು ಗೆಲುವು ಕಂಡ. 1953-54ರ ಋತುವಿನಲ್ಲಿ ಚಾಂಪಿಯನ್ ಜಾಕಿ, ರಾಜಮಾತೆಯ ಕುದುರೆಗಳಿಗೆ ಸವಾರ. 1956ರ ಮಾರ್ಚ್‌ನಲ್ಲಿ ಲಿವರ್‌ಪೂಲ್ ಬಳಿಯ ಏಂಟ್ರಿಯಲ್ಲಿ ಗ್ರ್ಯಾಂಡ್ ನ್ಯಾಷನಲ್ ಓಟ. ರಾಜಮಾತೆಯ ಕುದುರೆ 'ಡೆವನ್ ಲಾಕ್' ಕೊನೆಯ ಬೇಲಿಯನ್ನೂ ದಾಟಿ ಬಹಳ ಮುಂದಿತ್ತು; ಗುರಿಗೆ ಇನ್ನು ಐವತ್ತು ಗಜವೋ ಏನೋ. ಇದ್ದಕ್ಕಿದ್ದಂತೆ ಮುಂಗಾಲು ಎತ್ತಿ, ಇಲ್ಲದ ಬೇಲಿಯನ್ನು ಹಾರುವಂತೆ ಮಾಡಿ, ಹೊಟ್ಟೆ ಅಡಿಯಾಗಿ ಕುಸಿಯಿತು. ಹಿಂದಿದ್ದ 'ಇ.ಎಸ್.ಬಿ.' ದಾಟಿ ಗೆದ್ದಿತು. ಡೆವನ್ ಲಾಕ್ ಎದ್ದು ನಿಂತು ಏನೂ ಆಗದಂತೆ ನಡೆಯಿತು. ಪಶುವೈದ್ಯರಿಗೆ ಯಾವ ದೋಷವೂ ಕಾಣಲಿಲ್ಲ. ಸ್ನಾಯು ಸೆಳೆತ ಎಂದರು ಕೆಲವರು, ಪಕ್ಕದ ಬೇಲಿಯ ನೆರಳು ಎಂದರು ಇನ್ನು ಕೆಲವರು. ರಾಜಮನೆತನದ ಗೆಲುವನ್ನು ಕಾಣಲು ಹಾತೊರೆದ ಜನರ ಕೂಗಿಗೆ ಕುದುರೆ ಬೆಚ್ಚಿತು ಎಂದು ಸವಾರ ನಂಬಿದ. ಮರುವರ್ಷ ಆತ ಸವಾರಿ ಬಿಟ್ಟ, ಆತ್ಮಕಥೆ ಬರೆದ, ಭಾನುವಾರದ ಪತ್ರಿಕೆಯೊಂದಕ್ಕೆ ಹದಿನಾರು ವರ್ಷ ರೇಸಿನ ವರದಿಗಾರನಾದ. 1962ರಲ್ಲಿ ಮೊದಲ ಕಾದಂಬರಿ 'ಡೆಡ್ ಸರ್ಟ್' ಬಂತು. 2010ರಲ್ಲಿ ತೀರಿಕೊಳ್ಳುವವರೆಗೆ, ಕೊನೆಕೊನೆಗೆ ಮಗ ಫೀಲಿಕ್ಸ್ ಜೊತೆಗೂಡಿ, ನಲವತ್ತಕ್ಕೂ ಮಿಗಿಲಾಗಿ ಬರೆದ.

ಆ ಒಂದು ಬೀಳುವಿಕೆಯಿಂದಲೇ ಇಷ್ಟೂ ಕಾದಂಬರಿಗಳು ಹುಟ್ಟಿದವು ಎಂದು ಹೇಳಿಬಿಡುವುದು ಸುಲಭ, ಹಲವರು ಹೇಳಿಯೂ ಇದ್ದಾರೆ. ಜೀವನಚರಿತ್ರೆಯಿಂದ ಕೃತಿಯನ್ನು ವಿವರಿಸುವ ಆ ಚಪಲ ನನಗೆ ಬೇಡ. ಕೃತಿಗಳನ್ನೇ ನೋಡೋಣ. 'ಡೆಡ್ ಸರ್ಟ್'ನಲ್ಲಿ ಬೇಲಿಗೆ ಅಡ್ಡಲಾಗಿ ತಂತಿ ಬಿಗಿದು ಕುದುರೆಯನ್ನು ಕೆಡವುತ್ತಾರೆ, ಸವಾರ ಸಾಯುತ್ತಾನೆ. ಬೇಲಿ ಹಾರುವ ಓಟದಲ್ಲಿ ಕುದುರೆ ಬೀಳುವುದು ಮಾಮೂಲು, ಹಾಗಾಗಿ ನೋಡಿದವರಿಗೆ ಅದು ಅಪಘಾತ. ಎರಡನೆಯದಾದ 'ನರ್ವ್' (1964) ಒಬ್ಬ ಜಾಕಿಯ ಆತ್ಮಹತ್ಯೆಯಿಂದ ಶುರುವಾಗುತ್ತದೆ. ಒಬ್ಬೊಬ್ಬರಾಗಿ ಸವಾರರ ಹೆಸರು ಕೆಡುತ್ತದೆ, ಅವರೇರಿದ ಕುದುರೆಗಳು ಜಡವಾಗಿ ಓಡುತ್ತವೆ, ಇವನಿಗೆ ಎದೆಗಾರಿಕೆ ಹೋಯಿತು ಎಂದು ಜನ ಪಿಸುಗುಟ್ಟುತ್ತಾರೆ. ಕಥಾನಾಯಕನೇ ಸ್ವಲ್ಪ ಕಾಲ ಅದನ್ನು ನಂಬುತ್ತಾನೆ. ಅಪರಾಧದ ಬಲಿಪಶು ತಾನೇ ತಪ್ಪಿತಸ್ಥನೆಂದು ತಿಳಿಯುವ ಈ ಸ್ಥಿತಿ ಹೆಣದಿಂದ ಶುರುವಾಗುವ ಕಥೆಗಳಲ್ಲಿ ಸಾಧ್ಯವೇ ಇಲ್ಲ. 'ಫಾರ್ ಕಿಕ್ಸ್' (1965) ಇದನ್ನು ತಿರುವಿಹಾಕುತ್ತದೆ: ಯಾರೂ ನೆಚ್ಚದ ಕುದುರೆಗಳು ಬೆವರಿ ಬೆದರಿ ಗೆಲ್ಲುತ್ತವೆ, ಮದ್ದು ಕೊಟ್ಟಿರಬೇಕೆಂದು ಎಲ್ಲರಿಗೂ ಅನಿಸುತ್ತದೆ, ಪರೀಕ್ಷೆಯಲ್ಲಿ ಮಾತ್ರ ಏನೂ ಸಿಗುವುದಿಲ್ಲ. ಸಿಗುವ ಹಾಗೇ ಇಲ್ಲ; ಮನುಷ್ಯರ ಕಿವಿಗೆ ಕೇಳದ ಸೀಟಿಯನ್ನೂ ಬೆಂಕಿಯ ಭಯವನ್ನೂ ಜೋಡಿಸಿ ಕುದುರೆಯ ಮನಸ್ಸಿನೊಳಗೆ ಹೂತಿಟ್ಟಿರುತ್ತಾರೆ. ಅದೇ ವರ್ಷದ 'ಆಡ್ಸ್ ಅಗೇನ್ಸ್ಟ್'ನಲ್ಲಿ ಸೋಲುವುದು ಕುದುರೆಯಲ್ಲ, ಒಂದು ಇಡೀ ರೇಸ್ ಮೈದಾನ. ಟ್ಯಾಂಕರ್ ಮಗುಚಿ ಓಟದ ಹಾದಿ ಹಾಳಾಗುತ್ತದೆ, ಲಾಯಕ್ಕೆ ಬೆಂಕಿ ಬೀಳುತ್ತದೆ. ಒಂದೊಂದೂ ಬಿಡಿಯಾಗಿ ದುರದೃಷ್ಟ, ಕೂಡಿಸಿ ನೋಡಿದರೆ ಜಾಗವನ್ನು ಅಗ್ಗವಾಗಿ ಕಬಳಿಸಿ ಕಟ್ಟಡ ಎಬ್ಬಿಸುವ ಹುನ್ನಾರ. ಊರ ನಡುವಿನ ರೇಸ್‌ಕೋರ್ಸ್ ಜಮೀನನ್ನು ಕುರಿತ ಜಗ್ಗಾಟವನ್ನು ವರ್ಷಗಟ್ಟಲೆ ಪತ್ರಿಕೆಗಳಲ್ಲಿ ಓದಿದ ಬೆಂಗಳೂರಿನವರಿಗೆ, ಆ ಜಗ್ಗಾಟದ ಹಿಂದೆ ಯಾವ ಹುನ್ನಾರವೂ ಇಲ್ಲದಿದ್ದರೂ, ಆ ಕಥೆಯಲ್ಲಿ ಭೂಮಿಯ ಬೆಲೆಗಿರುವ ತೂಕ ತಟ್ಟನೆ ಅರ್ಥವಾದೀತು.

ಇನ್ನೂ ಎರಡು ಕೃತಿಗಳನ್ನು ಬಿಡುವಂತಿಲ್ಲ. 'ಫಾರ್ಫಿಟ್' (1968) ಬುಕ್ಕಿಗಳ ಒಂದು ಸಾಮಾನ್ಯ ನಿಯಮದ ಮೇಲೆ ನಿಂತಿದೆ. ದೊಡ್ಡ ಓಟಗಳಿಗೆ ವಾರಗಟ್ಟಲೆ ಮೊದಲೇ ಬಾಜಿ ಕಟ್ಟಬಹುದು. ಆಮೇಲೆ ಆ ಕುದುರೆ ಓಡದೇ ಹೋದರೆ ಹಣ ವಾಪಸಿಲ್ಲ. ಖಳನಿಗೆ ಇಷ್ಟು ಸಾಕು. ಪತ್ರಿಕೆಯ ಅಂಕಣಕಾರನನ್ನು ಬೆದರಿಸಿ ಒಂದು ಕುದುರೆಯನ್ನು ಹೊಗಳಿಸುತ್ತಾನೆ, ಜನ ಹಣ ಸುರಿಯುತ್ತಾರೆ, ಮಾಲೀಕನನ್ನು ಬೆದರಿಸಿ ಕುದುರೆಯನ್ನು ಹಿಂತೆಗೆಸುತ್ತಾನೆ. ಸೋಲಿನ ಕೊನೆಯ ರೂಪ ಇದು: ಓಟವೇ ನಡೆಯುವುದಿಲ್ಲ. ಬ್ರಿಟನ್ನಿನಲ್ಲಿ 1961ರ ಮೇ ತಿಂಗಳಿಂದ ಬೀದಿಬೀದಿಗಳಲ್ಲಿ ಬಾಜಿಯ ಅಂಗಡಿ ತೆರೆಯಲು ಕಾನೂನು ಒಪ್ಪಿಗೆ ಸಿಕ್ಕಿತ್ತು. ಕುದುರೆಯ ಮುಖವನ್ನೇ ನೋಡದ ಲಕ್ಷಾಂತರ ಜನ ಪತ್ರಿಕೆಯ ಮಾತು ನಂಬಿ ಹಣ ಕಟ್ಟುವ ಕಾಲ ಅದು, ಈ ಬಗೆಯ ಕಾದಂಬರಿ ಆಗಲೇ ಕುದುರಿದ್ದು ಆಕಸ್ಮಿಕವಲ್ಲ. 'ವಿಪ್ ಹ್ಯಾಂಡ್' (1979) ಅಂತೂ ಈ ತರ್ಕದ ಶಿಖರ. ಎರಡು ವರ್ಷದ ಪ್ರಾಯದಲ್ಲಿ ಮಿಂಚಿದ ಕುದುರೆಗಳು ಮರುವರ್ಷದ ದೊಡ್ಡ ಓಟಗಳಲ್ಲಿ ಏದುಸಿರುಬಿಟ್ಟು ಹಿಂದೆ ಬೀಳುತ್ತವೆ. ಹಂದಿಗಳಿಗೆ ಬರುವ ರೋಗವೊಂದರ ಸೂಕ್ಷ್ಮಾಣುವನ್ನು ಅವುಗಳ ಮೈಗೆ ಸೇರಿಸಿ ಹೃದಯವನ್ನು ಹಾಳುಮಾಡಿರುತ್ತಾರೆ. ಎಳೆಯ ಕುದುರೆ ಬೆಳೆದ ಮೇಲೆ ಮಂಕಾಗುವುದು ಲಾಯದವರಿಗೆಲ್ಲ ಗೊತ್ತಿರುವ ನಿರಾಸೆ. ಖಳ ಆ ನಿರಾಸೆಯ ಮರೆಯಲ್ಲಿ ನಿಂತಿದ್ದಾನೆ.

ನಿರೂಪಣೆಯ ವಿಷಯಕ್ಕೆ ಬರುತ್ತೇನೆ. ಫ್ರಾನ್ಸಿಸ್‌ನ ಕಾದಂಬರಿಗಳು ಉತ್ತಮ ಪುರುಷದಲ್ಲಿ, 'ನಾನು' ಎಂದು ಸಾಗುತ್ತವೆ. ಮಾಜಿ ಜಾಕಿಗೆ ಅದಕ್ಕಿಂತ ಬೇರೆ ಬರವಣಿಗೆ ಬರುತ್ತಿರಲಿಲ್ಲ ಎಂದು ಮೂದಲಿಸುವವರಿದ್ದಾರೆ. ನನಗೆ ಇದು ವಸ್ತುವೇ ಒತ್ತಾಯಿಸಿದ ಆಯ್ಕೆಯಾಗಿ ಕಾಣುತ್ತದೆ. ಲಗಾಮು ಎಳೆದನೋ ಇಲ್ಲವೋ ಎಂಬುದಕ್ಕೆ ಜಗತ್ತಿನಲ್ಲಿ ಇರುವುದು ಒಬ್ಬನೇ ಸಾಕ್ಷಿ, ಎಳೆದವನೇ. ಕುದುರೆ ಹೇಳಲಾರದು. ದುರ್ಬೀನು ಹಿಡಿದವನಿಗೆ ಸವಾರನ ತೋಳು ಕಂಡೀತು, ಉದ್ದೇಶ ಕಾಣದು. ಹೊರಗಿನಿಂದ ಬಂದ ಪತ್ತೇದಾರ, ಆತ ಹೋಮ್ಸ್‌ನಷ್ಟೇ ಚತುರನಾದರೂ, ಇಲ್ಲಿ ಸುಳಿವು ಹುಡುಕುತ್ತ ತಡವರಿಸುತ್ತಾನೆ. ತನ್ನ ಕೈ ಪ್ರಾಮಾಣಿಕವಾಗಿತ್ತು ಎಂದು ಖಚಿತವಾಗಿ ಬಲ್ಲವನು ಮಾತ್ರ, ಹಾಗಾದರೆ ಕುದುರೆ ಏಕೆ ಸೋತಿತು ಎಂಬ ಪ್ರಶ್ನೆಯನ್ನು ಕೈಬಿಡದೆ ಹಿಡಿಯಬಲ್ಲ. ತನಿಖೆ ಶುರುವಾಗುವುದೇ ಆ ಖಚಿತತೆಯಿಂದ. ಕಥಾನಾಯಕರು ಬುದ್ಧಿಯಲ್ಲಿ ಅಷ್ಟೇನೂ ಅಸಾಧಾರಣರಲ್ಲ, ತಮ್ಮ ಕಸುಬನ್ನು ಬಲ್ಲವರು ಅಷ್ಟೆ.

ಪ್ರಾಮಾಣಿಕ ಸೋಲನ್ನು ಪ್ರಾಮಾಣಿಕವೆಂದು ರುಜುವಾತು ಮಾಡುವುದೂ ಅಷ್ಟೇ ಕಷ್ಟ. 'ಎನ್‌ಕ್ವೈರಿ' (1969) ಕಾದಂಬರಿಯ ಹೂರಣ ಇದು. ಬೇಕೆಂದೇ ಸೋತರು ಎಂಬ ಆರೋಪದ ಮೇಲೆ ಜಾಕಿ ಮತ್ತು ತರಬೇತುದಾರ ಇಬ್ಬರನ್ನೂ, ರೇಸಿನ ನಿಯಮ ಪಾಲನೆಯನ್ನು ನೋಡಿಕೊಳ್ಳುವ ಸ್ಟೀವರ್ಡುಗಳು ರೇಸಿನಿಂದ ಹೊರಹಾಕುತ್ತಾರೆ. ಕಟ್ಟಿ ತಂದ ಸಾಕ್ಷ್ಯ, ಹಣದ ಫೋಟೊ, ಮೊದಲೇ ಮುಗಿದಂತಿರುವ ತೀರ್ಮಾನ, ವಾದಿಸಲು ವಕೀಲನಿಲ್ಲ. ಇದು ಉತ್ಪ್ರೇಕ್ಷೆ ಎನ್ನುವವರು ಇತಿಹಾಸ ನೋಡಬೇಕು. ಹದಿನೆಂಟನೆಯ ಶತಮಾನದಿಂದ ಬ್ರಿಟನ್ನಿನ ರೇಸನ್ನು ಆಳಿದ ಜಾಕಿ ಕ್ಲಬ್ ಒಂದು ಖಾಸಗಿ ಕೂಟ. ಕುದುರೆಗೆ ಮದ್ದು ಹಾಕಿದ ಪ್ರಕರಣದಲ್ಲಿ ಲೈಸೆನ್ಸ್ ಕಳೆದುಕೊಂಡ ತರಬೇತುದಾರನೊಬ್ಬ ಕೋರ್ಟಿಗೆ ಹೋದಾಗ, 1949ರಲ್ಲಿ, ಸ್ಟೀವರ್ಡುಗಳ ವಿವೇಚನೆಯೇ ಅಂತಿಮ ಎಂಬ ಒಪ್ಪಂದವಿದೆ ಎಂದು ಮೇಲ್ಮನವಿ ನ್ಯಾಯಾಲಯ ಅವನನ್ನು ವಾಪಸು ಕಳಿಸಿತು. 'ರಸೆಲ್ ವಿರುದ್ಧ ಡ್ಯೂಕ್ ಆಫ್ ನಾರ್ಫೋಕ್' ಎಂಬ ಆ ತೀರ್ಪಿನಲ್ಲಿ ಸಹಜ ನ್ಯಾಯದ ಅಗತ್ಯಗಳು ಸಂದರ್ಭಕ್ಕೆ ತಕ್ಕಂತೆ ಬದಲಾಗುತ್ತವೆ ಎಂದು ಹೇಳಿದ ಮಾತನ್ನು ನಮ್ಮ ಸರ್ವೋಚ್ಚ ನ್ಯಾಯಾಲಯವೂ ಉಲ್ಲೇಖಿಸಿದೆ. ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ನಕಲು ಮಾಡಿದ ಆರೋಪದಂಥ, ಕುದುರೆಗೂ ಲಾಯಕ್ಕೂ ಸಂಬಂಧವೇ ಇಲ್ಲದ ವ್ಯಾಜ್ಯಗಳಲ್ಲಿ. ಹೆಂಗಸು ಎಂಬ ಕಾರಣಕ್ಕೆ ತರಬೇತುದಾರಳ ಲೈಸೆನ್ಸ್ ನಿರಾಕರಿಸಲ್ಪಟ್ಟ ಫ್ಲಾರೆನ್ಸ್ ನೇಗಲ್ ಅದೇ ಕ್ಲಬ್ಬನ್ನು ಮಣಿಸಿದ್ದು 1966ರಲ್ಲಿ. 'ಎನ್‌ಕ್ವೈರಿ' ಪ್ರಕಟವಾಗಿದ್ದು ಅದಾಗಿ ಮೂರು ವರ್ಷಕ್ಕೆ. ಜನಪ್ರಿಯ ಕಾದಂಬರಿ ಎಂದು ಪಕ್ಕಕ್ಕಿಟ್ಟ ಪುಸ್ತಕದಲ್ಲಿ ಆ ಕಾಲದ ಒಂದು ನ್ಯಾಯಪ್ರಶ್ನೆ ಹಸಿಯಾಗಿಯೇ ಇದೆ.

ಇಷ್ಟಕ್ಕೆ ಎದುರಾಡುವವರು ಏನೆನ್ನುತ್ತಾರೆ? ಒಂದು, ರೇಸಿನ ಕಸುಬಿನವರಲ್ಲದ ನಾಯಕರ ಕಾದಂಬರಿಗಳೂ ಇವೆಯಲ್ಲ ಎಂದು. ಇವೆ: 'ಪ್ರೂಫ್' ಮದ್ಯದ ವ್ಯಾಪಾರಿಯದು, 'ಇನ್ ದ ಫ್ರೇಮ್' ಚಿತ್ರಕಾರನದು, 'ಬ್ಯಾಂಕರ್' ಹೆಸರೇ ಹೇಳುವಂತೆ ಸಾಲ ಕೊಡುವವನದು. ಆದರೆ ಒಂದರಲ್ಲಿ ಲೇಬಲ್ ಸರಿಯಿದ್ದು ಒಳಗಿನ ಮದ್ಯ ಬೇರೆ, ಇನ್ನೊಂದರಲ್ಲಿ ನಕಲಿ ಚಿತ್ರ, ಮೂರನೆಯದರಲ್ಲಿ ಕೋಟಿ ಬೆಲೆಯ ಗಂಡುಕುದುರೆಗೆ ಹುಟ್ಟುವ ಮರಿಗಳು ಅಂಗವಿಕಲವಾಗುತ್ತವೆ, ವಿಧಿ ಎಂದು ಎಲ್ಲರೂ ತಲೆ ಚಚ್ಚಿಕೊಳ್ಳುತ್ತಿರುವಾಗ ಅದು ವಿಷಪ್ರಯೋಗ ಎಂದು ತಿಳಿಯುತ್ತದೆ. ರೇಸಿನಲ್ಲಿ ಕಲಿತ ಪ್ರಶ್ನೆಯನ್ನೇ ಆತ ಬೇರೆ ಕಸುಬುಗಳಿಗೆ ಒಯ್ದಿದ್ದಾನೆ. ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ: 'ಕಮ್ ಟು ಗ್ರೀಫ್' (1995) ಕಾದಂಬರಿಯಲ್ಲಿ ಯಾರೋ ರಾತ್ರಿ ಕುದುರೆಗಳ ಪಾದ ಕತ್ತರಿಸುತ್ತಾರೆ. ಅಲ್ಲಿ ಅಪರಾಧ ಕಣ್ಣಿಗೆ ರಾಚುತ್ತದೆ, ಬಾಜಿಯ ಲಾಭವೂ ಇಲ್ಲ. ನನ್ನ ಸೂತ್ರಕ್ಕೆ ಇದು ಹೊರಗೆಂದು ಒಪ್ಪುತ್ತೇನೆ, ಅರ್ಧದಷ್ಟು. ಪತ್ತೇದಾರ ಸಿಡ್ ಹ್ಯಾಲಿ ತಪ್ಪಿತಸ್ಥನನ್ನು ಬೇಗನೆ ಗುರುತಿಸುತ್ತಾನೆ. ಅವನು ತನ್ನದೇ ಗೆಳೆಯ, ದೇಶವೆಲ್ಲ ಮೆಚ್ಚಿದ ಟಿವಿ ನಿರೂಪಕ. ಯಾರೂ ನಂಬುವುದಿಲ್ಲ, ಹೇಳಿದವನನ್ನೇ ಹಳಿಯುತ್ತಾರೆ. ಕಾಣುವ ಅಪರಾಧವನ್ನು ಕಾಣಿಸದಂತೆ ಮಾಡಲು ಇಲ್ಲಿ ಜನಪ್ರೀತಿಯೇ ಸಾಕಾಗುತ್ತದೆ.

ಮೂರನೆಯದು ನೈತಿಕ ಆಕ್ಷೇಪ, ನನ್ನ ಮಟ್ಟಿಗೆ ಎಲ್ಲಕ್ಕಿಂತ ತೂಕದ್ದು. ಸೋತ ಜೂಜುಗಾರನ ಹಳೆಯ ಸಮಾಧಾನ ಒಂದಿದೆ: ನನ್ನ ಲೆಕ್ಕ ತಪ್ಪಿರಲಿಲ್ಲ, ಒಳಗೊಳಗೇ ಮೋಸ ಮಾಡಿದರು. ಪ್ರತಿ ಸೋಲಿನ ಹಿಂದೆಯೂ ಒಬ್ಬ ಖಳನನ್ನಿಡುವ ಕಾದಂಬರಿ ಆ ಸಮಾಧಾನಕ್ಕೆ ಎಣ್ಣೆ ಹೊಯ್ಯುವುದಿಲ್ಲವೇ? ಹೊಯ್ಯುತ್ತದೆ ಎಂದು ಒಪ್ಪದೆ ಗತಿಯಿಲ್ಲ, ಓದುಗರಲ್ಲಿ ಒಂದು ಪಾಲು ಅದಕ್ಕಾಗಿಯೇ ಓದಿದ್ದಾರು. ಆದರೆ ಕೃತಿಗಳ ಒಳಗಿನ ದೃಷ್ಟಿ ಬಾಜಿ ಕಟ್ಟುವವನದಲ್ಲ. ಬ್ರಿಟನ್ನಿನ ನಿಯಮದಂತೆ ಜಾಕಿ ಬಾಜಿ ಕಟ್ಟುವಂತಿಲ್ಲ. ಕಥಾನಾಯಕನಿಗೆ ನಷ್ಟವಾಗುವುದು ಕೆಲಸ, ಹೆಸರು, ಕೆಲವೊಮ್ಮೆ ಕೈ. ಎಡಗೈ ಕಳೆದುಕೊಂಡ ಸಿಡ್ ಹ್ಯಾಲಿಗೆ 'ವಿಪ್ ಹ್ಯಾಂಡ್'ನಲ್ಲಿ ಬಲಗೈಯನ್ನೂ ಗುಂಡಿಟ್ಟು ಹಾರಿಸುವ ಬೆದರಿಕೆ ಬರುತ್ತದೆ, ಆತ ಹೆದರಿ ಊರು ಬಿಟ್ಟು ಓಡುತ್ತಾನೆ. ಗೆಲ್ಲಬಹುದಾದ ತನಿಖೆಯನ್ನು ಭಯದಿಂದ ಬಿಟ್ಟುಕೊಟ್ಟ ನಾಯಕ ತಾನೇ ಒಂದು ಬೇಕೆಂದೇ ಸೋತ ಕುದುರೆ. ಅದನ್ನು ಅಪರಾಧ ಎನ್ನಬೇಕೋ ಅಲ್ಲವೋ ಎಂದು ತೀರ್ಮಾನಿಸಬೇಕಾದವನೂ ಅವನೇ. ಇಷ್ಟು ದೂರ ಬಂದ ಬರವಣಿಗೆಯನ್ನು ಜೂಜುಗಾರನ ಸಮಾಧಾನ ಎಂದು ತಳ್ಳಿಹಾಕುವುದು ಅನ್ಯಾಯ. ಫ್ರಾನ್ಸಿಸ್‌ನ ಪತ್ನಿ ಮೇರಿಯೇ ಈ ಕಾದಂಬರಿಗಳ ನಿಜವಾದ ಲೇಖಕಿ ಎಂಬ ವಾದ 1999ರ ಒಂದು ಜೀವನಚರಿತ್ರೆಯಿಂದ ಎದ್ದಿತು. ಇಬ್ಬರೂ ಕೂಡಿ ದುಡಿದದ್ದು ನಿಜ. ಯಾರು ಎಷ್ಟು ಬರೆದರು ಎಂಬುದರಿಂದ ನನ್ನ ವಾದಕ್ಕೆ ಏನೂ ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ.

ಇದೆಲ್ಲ ಲಾಟರಿಯನ್ನು ಕುರಿತು ಏಕೆ ಸಾಧ್ಯವಿಲ್ಲ ಎಂದು ಕೇಳಿಕೊಂಡರೆ ವಿಷಯ ಇನ್ನಷ್ಟು ತಿಳಿಯಾಗುತ್ತದೆ. ಲಾಟರಿಯಲ್ಲಿ ಸೋಲಿಗೆ ಕಾರಣ ಹುಡುಕುವಂತಿಲ್ಲ. ಚದುರಂಗದಲ್ಲಿ ಕಾರಣ ಹಲಗೆಯ ಮೇಲೇ ಇರುತ್ತದೆ. ಕುದುರೆ ರೇಸು ಇವೆರಡರ ನಡುವೆ. ನಮ್ಮ ಸರ್ವೋಚ್ಚ ನ್ಯಾಯಾಲಯ 1996ರಲ್ಲಿ, ಮದ್ರಾಸಿನ ರೇಸ್ ಕ್ಲಬ್ಬನ್ನು ಸರ್ಕಾರ ವಶಪಡಿಸಿಕೊಳ್ಳುವ ಕಾನೂನಿನಿಂದ ಹುಟ್ಟಿದ ವ್ಯಾಜ್ಯದಲ್ಲಿ, ರೇಸು ಮುಖ್ಯವಾಗಿ ಕೌಶಲದ ಆಟ ಎಂದು ತೀರ್ಪಿತ್ತಿತು. ಕುದುರೆಯ ತಳಿ, ತರಬೇತಿ, ಸವಾರನ ಚಾತುರ್ಯಗಳನ್ನು ಲೆಕ್ಕಕ್ಕೆ ತೆಗೆದುಕೊಂಡು. ಮೈಸೂರು, ಬೆಂಗಳೂರಿನ ರೇಸುಗಳಿಗೂ ಆ ತೀರ್ಪಿನ ನೆರಳಿದೆ. ಕೌಶಲ ಮುಖ್ಯವಾದರೆ ಪ್ರತಿ ಸೋಲಿಗೂ ಒಂದು ಕಾರಣವಿರಲೇಬೇಕು. ಅದೃಷ್ಟದ ಪಾಲು ಉಳಿದಿರುವುದರಿಂದ ಆ ಕಾರಣ ಎಂದೂ ಪೂರ್ತಿ ಕಾಣದು. ರೇಸಿನ ಕಾದಂಬರಿಕಾರನಿಗೆ ಬೇಕಾದ ಜಾಗ ಇಷ್ಟೇ ಅಗಲ. ಎನ್. ನರಸಿಂಹಯ್ಯನವರಂಥ ಪತ್ತೇದಾರಿ ಕಾದಂಬರಿಕಾರರನ್ನು ಕಂಡ ಕನ್ನಡದಲ್ಲಿ, ಎರಡು ಹಳೆಯ ರೇಸ್ ಮೈದಾನಗಳು ಕಣ್ಣೆದುರಿಗಿದ್ದೂ, ಲಾಯದ ಒಳಗಿನಿಂದ ಬರೆದ ಇಂಥ ಕಾದಂಬರಿಗಳ ಪರಂಪರೆ ಬೆಳೆಯಲಿಲ್ಲ. ನಮ್ಮಲ್ಲಿ ರೇಸು ಮನೆ ಹಾಳುಮಾಡುವ ಚಟವಾಗಿಯೇ ಕಥೆಗೆ ಬಂದಿದೆ, ಕಸುಬಾಗಿ ಅಲ್ಲ. ಕುದುರೆ ಸಾಕುವವನ, ಸವಾರಿ ಮಾಡುವವನ ಕೈಗೆ ಲೇಖನಿ ಹೋಗಲಿಲ್ಲ ಎಂಬುದೂ ಒಂದು ಕಾರಣವಿದ್ದೀತು.

ಮಾದರಿ ಸಂಗ್ರಹ, ಗುರಿಯಲ್ಲಿನ ಕ್ಯಾಮೆರಾ, ಫೋನ್ ದಾಖಲೆ ಇವೆಲ್ಲ ಬಂದ ಮೇಲೆ ಇಂಥ ಕಥೆ ಹಳತಾಯಿತು ಎನ್ನುವವರಿಗೆ ಒಂದು ಉತ್ತರವಿದೆ. 2000ದಲ್ಲಿ ಬ್ರಿಟನ್ನಿನಲ್ಲಿ ಬೆಟ್‌ಫೇರ್ ಎಂಬ ಅಂತರಜಾಲ ವಿನಿಮಯ ಕೇಂದ್ರ ಶುರುವಾಯಿತು. ಒಂದು ಕುದುರೆ ಸೋಲುತ್ತದೆ ಎಂದು ಅದರ ವಿರುದ್ಧ ಹಣ ಕಟ್ಟುವ ಅವಕಾಶ, ಅದುವರೆಗೆ ಬುಕ್ಕಿಗಳದ್ದಾಗಿದ್ದದ್ದು, ಸಾಮಾನ್ಯರಿಗೂ ಸಿಕ್ಕಿತು. ಸೋಲು ಬಹಿರಂಗ ಮಾರುಕಟ್ಟೆಗೆ ಬಂತು. ಕೆಲವೇ ವರ್ಷಗಳಲ್ಲಿ, ಇಂಥ ಬಾಜಿಗಳಿಗಾಗಿ 27 ಓಟಗಳಲ್ಲಿ ಕುದುರೆಗಳನ್ನು ಬೇಕೆಂದೇ ಸೋಲಿಸಲು ಸಂಚು ನಡೆದಿತ್ತೆಂಬ ಆರೋಪದ ಮೇಲೆ ಹಲವು ಬಾರಿಯ ಚಾಂಪಿಯನ್ ಜಾಕಿಯೊಬ್ಬರೂ ಇತರರೂ 2007ರಲ್ಲಿ ಲಂಡನ್ನಿನ ಓಲ್ಡ್ ಬೈಲಿಯಲ್ಲಿ ವಿಚಾರಣೆ ಎದುರಿಸಿದರು. ವರ್ಷಗಟ್ಟಲೆಯ ಪೊಲೀಸ್ ತನಿಖೆ, ರೇಸುಗಳ ವಿಡಿಯೊ, ಆಸ್ಟ್ರೇಲಿಯದಿಂದ ಬಂದ ತಜ್ಞ ಸ್ಟೀವರ್ಡ್, ಎಲ್ಲವೂ ಇತ್ತು. ತನಗೆ ಬ್ರಿಟನ್ನಿನ ರೇಸಿನ ನಿಯಮಗಳ ಪರಿಚಯ ಸಾಲದೆಂದು ಆ ತಜ್ಞನೇ ಒಪ್ಪಿದ. ಸಂಶಯಕ್ಕೊಳಗಾದ ಆ ಓಟಗಳಲ್ಲಿ ಜಾಕಿಯ ಗೆಲುವಿನ ಪ್ರಮಾಣ ಮಾಮೂಲಿಗಿಂತ ಹೆಚ್ಚೇ ಇತ್ತೆಂದು ಲೆಕ್ಕ ತೋರಿಸಿತು. ಆ ಡಿಸೆಂಬರ್‌ನಲ್ಲಿ, ಪ್ರತಿವಾದ ಕೇಳುವ ಅಗತ್ಯವೂ ಇಲ್ಲವೆಂದು ನ್ಯಾಯಾಧೀಶರು ಎಲ್ಲರನ್ನೂ ನಿರ್ದೋಷಿಗಳೆಂದು ಬಿಡುಗಡೆ ಮಾಡಿಸಿದರು.